ಅರಿಕೆ, ಕ್ಷಮೆ, ಸಮಾಧಾನ: ದಕ್ಷಿಣ ಭಾರತ ಸಭೆಯ ೧೯೫೦ರ ಆರಾಧನಾಕ್ರಮದ ಒಂದು ಐತಿಹಾಸಿಕ ಪರಿಶೀಲನೆ

೧. ಪ್ರಸ್ತಾವನೆ

ತಪ್ಪು ಮಾಡಿದವನಿಗೆ ಕ್ಷಮೆ ದೊರೆಯಬೇಕಾದುದು ಯಾರಿಂದ? ದೇವರಿಂದಲೋ, ದೇವರ ಹೆಸರಿನಲ್ಲಿ ಮಾತನಾಡುವ ಗುರುವಿನಿಂದಲೋ, ಆ ತಪ್ಪಿನಿಂದ ನೊಂದ ನೆರೆಯವನಿಂದಲೋ? ಕ್ರೈಸ್ತ ಆರಾಧನೆಯ ಸುಮಾರು ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಓದಲು ಸಾಧ್ಯವಿದೆ. ಬೇರೆ ಬೇರೆ ಶತಮಾನಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಆ ಉತ್ತರಗಳು ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಮಾತ್ರವಲ್ಲದೆ, ಜನ ಎಲ್ಲಿ ಮೊಣಕಾಲೂರುತ್ತಾರೆ, ಯಾರ ಕಡೆಗೆ ಮುಖ ಮಾಡುತ್ತಾರೆ, ಯಾರ ಕೈ ಹಿಡಿಯುತ್ತಾರೆ ಎಂಬಂಥ ಆಚರಣೆಯ ವಿವರಗಳಲ್ಲಿಯೂ ದಾಖಲಾಗಿವೆ.

ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನವೆಂದೊಡನೆ ನಮ್ಮ ಗಮನ ಸಹಜವಾಗಿಯೇ ‘ಮಂಗಳೂರ ಸಮಾಚಾರ’ (೧೮೪೩), ಕಿಟೆಲ್ ನಿಘಂಟು (೧೮೯೪) ಮೊದಲಾದ ಕೃತಿಗಳ ಕಡೆಗೆ ಹರಿಯುತ್ತದೆ. ವಾರವಾರವೂ ಸಾವಿರಾರು ಜನರ ನಾಲಿಗೆಯ ಮೇಲೆ ಹಾದುಹೋಗುವ ಆರಾಧನಾ ಗ್ರಂಥಗಳನ್ನು ನಾವು ಚರಿತ್ರೆಯ ಆಕರಗಳೆಂದು ಅಷ್ಟಾಗಿ ಪರಿಗಣಿಸಿಲ್ಲ. ದಕ್ಷಿಣ ಭಾರತ ಸಭೆಯು (ಸಿ.ಎಸ್.ಐ.) ೧೯೫೦ರಲ್ಲಿ ಬಳಕೆಗೆ ತಂದ ಕರ್ತನ ಭೋಜನದ ಕ್ರಮವನ್ನು ಆರಿಸಿಕೊಂಡು, ಅದರಲ್ಲಿ ಪಾಪದ ಅರಿಕೆ, ಕ್ಷಮಾಘೋಷಣೆ ಮತ್ತು ಸಮಾಧಾನದ ವಿನಿಮಯ ಎಂಬ ಮೂರು ಅಂಗಗಳು ಹೇಗೆ ಒಂದುಗೂಡಿದವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಮೂರೂ ಆದಿಯಲ್ಲಿ ಒಂದೇ ಕ್ರಿಯೆಯ ಭಾಗಗಳಾಗಿದ್ದವು, ಕಾಲಕ್ರಮದಲ್ಲಿ ಬೇರ್ಪಟ್ಟವು, ಅವುಗಳನ್ನು ಮತ್ತೆ ಕೂಡಿಸುವ ಮಹತ್ವದ ಪ್ರಯತ್ನವೊಂದು ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ದಕ್ಷಿಣದ ನೆಲದಲ್ಲಿ ನಡೆಯಿತು ಎಂಬುದು ನಮ್ಮ ಪ್ರತಿಪಾದನೆ.

೨. ಮೂರು ಮಾತುಗಳು

ಮೊದಲು ಪದಗಳನ್ನು ಕುರಿತು ಒಂದೆರಡು ಮಾತು. ಕನ್ನಡ ಪ್ರಾಟೆಸ್ಟಂಟರ ಬಳಕೆಯಲ್ಲಿ ಪಾಪವನ್ನು ‘ಅರಿಕೆ’ ಮಾಡಲಾಗುತ್ತದೆ. ‘ಅರಿ’ ಎಂಬ ಧಾತುವಿನಿಂದ ಬಂದ ಈ ಪದಕ್ಕೆ ತಿಳಿಯಪಡಿಸುವುದು ಎಂಬ ಅರ್ಥವೂ ಹಿರಿಯರ ಅಥವಾ ಅಧಿಕಾರಸ್ಥರ ಮುಂದೆ ಬಿನ್ನವಿಸಿಕೊಳ್ಳುವುದು ಎಂಬ ಅರ್ಥವೂ ಉಂಟು. ಕಥೋಲಿಕರಲ್ಲಿ ‘ಪಾಪನಿವೇದನೆ’ ಎಂಬ ಪದ ರೂಢಿಯಲ್ಲಿದೆ. ಜೊತೆಗೆ ಧರ್ಮಶಾಸ್ತ್ರಗಳಿಂದ ಬಂದ ‘ಪ್ರಾಯಶ್ಚಿತ್ತ’ವೂ ಇದೆ. ಅರಿಕೆಯಲ್ಲಿ ಮಾತು ಮುಖ್ಯ, ಪ್ರಾಯಶ್ಚಿತ್ತದಲ್ಲಿ ಕ್ರಿಯೆ ಮುಖ್ಯ. ಒಂದೇ ಸಂಸ್ಕಾರದ ಎರಡು ಪರಂಪರೆಗಳು ಎರಡು ಬಗೆಯ ಪದಗಳನ್ನು ಆರಿಸಿಕೊಂಡಿರುವುದು ಆಕಸ್ಮಿಕವಲ್ಲ.

ಮೂರನೆಯ ಪದ ‘ಸಮಾಧಾನ’. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರ ಶ್ರಮದಿಂದ ಕನ್ನಡ ಸತ್ಯವೇದವು ೧೮೩೧ರ ವೇಳೆಗೆ ಪೂರ್ಣಗೊಂಡಿತು. ಅನಂತರ ಹಲವು ಬಾರಿ ಪರಿಷ್ಕರಣೆಗೊಂಡು ಬಹುಕಾಲ ಬಳಕೆಯಲ್ಲಿ ಉಳಿದ ಕನ್ನಡ ಪಠ್ಯದಲ್ಲಿ, ಗ್ರೀಕ್ ಮೂಲದ ಎರಡು ಬೇರೆ ಪದಗಳಿಗೆ, ಅಂದರೆ ಶಾಂತಿಗೂ ಮುರಿದ ಸಂಬಂಧವನ್ನು ಮತ್ತೆ ಕೂಡಿಸುವುದಕ್ಕೂ, ‘ಸಮಾಧಾನ’ವೆಂಬ ಒಂದೇ ಪದ ನಿಂತಿದೆ. ಆದ್ದರಿಂದ ಕನ್ನಡ ಓದುಗನಿಗೆ ಶಾಂತಿಯ ಹಾರೈಕೆಯಲ್ಲಿಯೇ ರಾಜಿಯ ಧ್ವನಿಯೂ ಕೇಳಿಸುತ್ತದೆ. ಆದರೆ ಆಡುಮಾತಿನಲ್ಲಿ ಅಳುವವರನ್ನು ‘ಸಮಾಧಾನ ಮಾಡುವುದು’ ಎಂದರೆ ಸುಮ್ಮನಿರಿಸುವುದು ಎಂದೂ ಅರ್ಥವಾಗುತ್ತದೆ. ಈ ಇಬ್ಬಂದಿಯನ್ನು ನಾವು ಲೇಖನದ ಕೊನೆಯಲ್ಲಿ ಮತ್ತೆ ಎದುರಿಸಬೇಕಾಗಿದೆ.

೩. ಆದಿಸಭೆಯ ಆಚರಣೆ

ಕಾಣಿಕೆಯನ್ನು ಹಿಡಿದು ಯಜ್ಞವೇದಿಯ ಬಳಿಗೆ ಬಂದವನಿಗೆ, ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ದೂರು ಇದೆಯೆಂದು ನೆನಪಾದರೆ, ಅವನು ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಒಂದಾಗಿ ಬರಬೇಕೆಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ವಿಧಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದೂರು ಇರುವುದು ಎದುರಿನವನಲ್ಲಿ. ಹೊರಡಬೇಕಾದವನು ತಪ್ಪು ಮಾಡಿದವನು. ‘ಹನ್ನೆರಡು ಮಂದಿ ಅಪೊಸ್ತಲರ ಬೋಧನೆ’ ಎಂಬ ಅತಿ ಪ್ರಾಚೀನ ಕೈಪಿಡಿ (ಇದರ ಹಸ್ತಪ್ರತಿ ೧೮೭೩ರಲ್ಲಿ ಪತ್ತೆಯಾಗಿ ೧೮೮೩ರಲ್ಲಿ ಪ್ರಕಟವಾಯಿತು) ಈ ವಿಧಿಯನ್ನೇ ಆರಾಧನೆಯ ನಿಯಮವನ್ನಾಗಿ ಮಾಡುತ್ತದೆ. ರೊಟ್ಟಿ ಮುರಿಯುವ ಮೊದಲು ತಪ್ಪುಗಳನ್ನು ಅರಿಕೆ ಮಾಡಬೇಕು. ಪರಸ್ಪರ ಜಗಳವಿದ್ದವರು ರಾಜಿಯಾಗುವವರೆಗೆ ಕೂಟಕ್ಕೆ ಸೇರಬಾರದು. ಕ್ರಿ.ಶ. ೧೫೫ರ ಸುಮಾರಿಗೆ ರೋಮಿನಲ್ಲಿ ಬರೆದ ಜಸ್ಟಿನ್ ಕೊಡುವ ವರ್ಣನೆಯಲ್ಲಿ, ಸಾಮೂಹಿಕ ಪ್ರಾರ್ಥನೆ ಮುಗಿದ ಮೇಲೆ ಭಕ್ತರು ಒಬ್ಬರಿಗೊಬ್ಬರು ಶಾಂತಿಯ ಮುದ್ದನ್ನು ಕೊಡುತ್ತಾರೆ. ರೊಟ್ಟಿಯೂ ಪಾತ್ರೆಯೂ ಮುಂದಕ್ಕೆ ಬರುವುದು ಅದಾದ ಮೇಲೆಯೇ.

ದೀಕ್ಷಾಸ್ನಾನದ ಅನಂತರ ಮಾಡಿದ ಗಂಭೀರ ಪಾಪಗಳ ಪ್ರಶ್ನೆ ಇದಕ್ಕಿಂತ ಕಠಿಣವಾಗಿತ್ತು. ಕ್ರಿ.ಶ. ೨೫೦ರಲ್ಲಿ ಚಕ್ರವರ್ತಿ ದೇಕಿಯಸ್, ಪ್ರಜೆಗಳೆಲ್ಲರೂ ರೋಮಿನ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂಬ ಆಜ್ಞೆಯನ್ನು ಜಾರಿಗೆ ತಂದಾಗ, ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಹು ಮಂದಿ ಕ್ರೈಸ್ತರು ಹೆದರಿ ಮಣಿದರು. ಕೆಲವರು ಬಲಿಯರ್ಪಿಸದೆಯೇ ಹಣ ಕೊಟ್ಟು ಪತ್ರ ಪಡೆದರು. ಹಿಂಸೆ ತಗ್ಗಿದ ಮೇಲೆ ಇವರೆಲ್ಲ ಸಭೆಗೆ ಮರಳಲು ಬಯಸಿದರು. ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿದವರಿಂದ ಶಿಫಾರಸು ಪತ್ರ ತಂದರೆ ಸಾಕೆಂದು ಕೆಲವರ ವಾದ. ಅವರನ್ನು ಎಂದೆಂದಿಗೂ ಸೇರಿಸಬಾರದೆಂದು ರೋಮಿನ ನೊವಾಟಿಯನ್ ಪಕ್ಷದ ವಾದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ೨೫೧ರ ಪರಿಷತ್ತಿನಲ್ಲಿ ಮಧ್ಯಮ ಮಾರ್ಗವನ್ನು ಹಿಡಿದರು: ತಪ್ಪಿನ ತೂಕಕ್ಕೆ ಅನುಗುಣವಾಗಿ ಪಶ್ಚಾತ್ತಾಪದ ಅವಧಿ, ಬಹಿರಂಗ ಅರಿಕೆ, ಕೊನೆಯಲ್ಲಿ ಬಿಷಪ್ ಮತ್ತು ಹಿರಿಯರು ತಲೆಯ ಮೇಲೆ ಕೈಯಿಟ್ಟು ಸಭೆಯ ಶಾಂತಿಗೆ ಮರಳಿ ಸೇರಿಸಿಕೊಳ್ಳುವುದು. ಈ ವ್ಯವಸ್ಥೆಯಲ್ಲಿ ದೇವರೊಡನೆ ರಾಜಿ, ಜನರೊಡನೆ ರಾಜಿ ಎಂಬ ಭೇದವಿರಲಿಲ್ಲ. ಸಭೆಯು ಕೈಯಿಟ್ಟರೆ ದೇವರು ಕೈಹಿಡಿದಂತೆಯೇ.

ಚಕ್ರವರ್ತಿಯೂ ಈ ನಿಯಮಕ್ಕೆ ಹೊರತಾಗಿರಲಿಲ್ಲ. ೩೯೦ರಲ್ಲಿ ಥೆಸಲೊನೀಕದಲ್ಲಿ ನಡೆದ ನಾಗರಿಕರ ಕಗ್ಗೊಲೆಗಾಗಿ ಥಿಯೊಡೋಸಿಯಸ್ ಮಿಲಾನಿನ ಬಿಷಪ್ ಆಂಬ್ರೋಸರ ಸಭೆಯಲ್ಲಿ ಬಹಿರಂಗವಾಗಿ ಪಶ್ಚಾತ್ತಾಪಪಡಬೇಕಾಯಿತು.

೪. ಬಹಿರಂಗದಿಂದ ಏಕಾಂತಕ್ಕೆ

ಈ ಬಹಿರಂಗ ವ್ಯವಸ್ಥೆ ಬಹುಕಾಲ ಬಾಳಲಿಲ್ಲ. ಇದರ ಕಠಿಣತೆಯೇ ಇದಕ್ಕೆ ಮುಳುವಾಯಿತೆನ್ನಬಹುದು. ಜೀವಮಾನದಲ್ಲಿ ಒಮ್ಮೆ ಮಾತ್ರ ದೊರೆಯುವ ಈ ಅವಕಾಶವನ್ನು ಜನರು ಮರಣಶಯ್ಯೆಯವರೆಗೆ ಮುಂದೂಡತೊಡಗಿದರು. ರೋಮಿನ ಬಿಷಪ್ ಒಂದನೆಯ ಲಿಯೋ ೪೫೯ರ ಪತ್ರವೊಂದರಲ್ಲಿ, ಪಾಪಗಳನ್ನು ಬರೆಯಿಸಿ ಜನರೆದುರು ಓದಿಸುವ ಪದ್ಧತಿಯನ್ನು ನಿಷೇಧಿಸಿ, ಗುರುಗಳಿಗೆ ಗುಟ್ಟಾಗಿ ತಿಳಿಸಿದರೆ ಸಾಕೆಂದು ವಿಧಿಸಿದರು. ಆರನೆಯ ಶತಮಾನದಿಂದೀಚೆಗೆ ಐರ್ಲೆಂಡಿನ ಸಂನ್ಯಾಸಿಗಳ ಮೂಲಕ ಬೇರೊಂದು ಪದ್ಧತಿ ಯೂರೋಪಿನಲ್ಲಿ ಹರಡಿತು: ಎಷ್ಟು ಬಾರಿಯಾದರೂ ಏಕಾಂತದಲ್ಲಿ ಗುರುವಿಗೆ ಪಾಪಗಳನ್ನು ನಿವೇದಿಸುವುದು; ಯಾವ ಪಾಪಕ್ಕೆ ಎಷ್ಟು ದಿನ ಉಪವಾಸ, ಎಷ್ಟು ಪ್ರಾರ್ಥನೆ ಎಂಬುದನ್ನು ಗುರು ಪಟ್ಟಿ ನೋಡಿ ಹೇಳುವುದು. ನಮ್ಮ ದೇವಾಲಯಗಳ ತಪ್ಪುಕಾಣಿಕೆಯನ್ನು ಬಲ್ಲ ಕನ್ನಡಿಗರಿಗೆ ಈ ಲೆಕ್ಕಾಚಾರ ಅಪರಿಚಿತವೆನಿಸಲಾರದು. ೫೮೯ರ ಟೊಲೆಡೊ ಪರಿಷತ್ತು ಹೀಗೆ ಪದೇ ಪದೇ ಕ್ಷಮೆ ಬೇಡುವ ಪದ್ಧತಿಯನ್ನು ಖಂಡಿಸಿತಾದರೂ ಅದು ನಿಲ್ಲಲಿಲ್ಲ. ೧೨೧೫ರ ನಾಲ್ಕನೆಯ ಲೇಟರನ್ ಮಹಾಪರಿಷತ್ತು ವಿವೇಚನೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಗುರುವಿಗೆ ಪಾಪನಿವೇದನೆ ಮಾಡಬೇಕೆಂದೂ, ಗುರು ಅದನ್ನು ಹೊರಗೆಡಹಬಾರದೆಂದೂ ಶಾಸನ ಮಾಡಿತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಮಿಲಾನಿನ ಕಾರ್ಲೊ ಬೊರೊಮಿಯೊ ಅವರ ಕಟ್ಟಳೆಗಳ ಮೂಲಕ, ಗುರುವಿಗೂ ನಿವೇದಕನಿಗೂ ನಡುವೆ ಜಾಲಂಧ್ರವುಳ್ಳ ಮರದ ಗೂಡು ಪ್ರಚಾರಕ್ಕೆ ಬಂದಿತು.

ಈ ಬೆಳವಣಿಗೆಯನ್ನು ಬರಿಯ ಅವನತಿಯೆಂದು ಬಗೆಯುವುದು ಸರಿಯಲ್ಲ. ಏಕಾಂತವು ದುರ್ಬಲರಿಗೆ ಮಾನರಕ್ಷಣೆಯನ್ನು ಒದಗಿಸಿತು. ಮನುಷ್ಯ ತನ್ನ ಅಂತರಂಗವನ್ನು ಶೋಧಿಸಿಕೊಳ್ಳುವ ಅಭ್ಯಾಸವನ್ನು ಬೆಳೆಸಿತು. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂಬ ಹೊಣೆಯನ್ನೂ ಗುರುಗಳು ವಿಧಿಸುತ್ತಿದ್ದರು. ಆದರೆ ಆರಾಧನೆಯ ರಚನೆಯ ದೃಷ್ಟಿಯಿಂದ ನೋಡಿದಾಗ, ನೊಂದವನು ಈ ಕ್ರಿಯೆಯ ಆವರಣದಿಂದ ಹೊರಗುಳಿದನು.

ಇದೇ ಅವಧಿಯಲ್ಲಿ ಶಾಂತಿಯ ಮುದ್ದಿನ ಸ್ಥಾನವೂ ಬದಲಾಯಿತು. ರೋಮಿನ ಬಿಷಪ್ ಒಂದನೆಯ ಇನ್ನೊಸೆಂಟ್ ೪೧೬ರಲ್ಲಿ ಗುಬ್ಬಿಯೊ ಪಟ್ಟಣದ ಬಿಷಪ್ ದೆಸೆಂತಿಯಸನಿಗೆ ಬರೆದ ಪತ್ರದಲ್ಲಿ, ಶಾಂತಿಯನ್ನು ಅರ್ಪಣೆಗೆ ಮುಂಚೆ ಕೊಡದೆ, ಪವಿತ್ರ ಕ್ರಿಯೆ ಮುಗಿದ ಮೇಲೆ ಜನರ ಸಮ್ಮತಿಯ ಮುದ್ರೆಯಾಗಿ ಕೊಡಬೇಕೆಂದು ಒತ್ತಾಯಿಸಿದ್ದಾರೆ. ಪಶ್ಚಾತ್ತಾಪಿಗಳನ್ನು ಈಸ್ಟರಿಗೆ ಮುಂಚಿನ ಗುರುವಾರ ಸಭೆಗೆ ಸೇರಿಸಿಕೊಳ್ಳುವ ರೋಮಿನ ವಾಡಿಕೆಯ ಉಲ್ಲೇಖವೂ ಅದೇ ಪತ್ರದಲ್ಲಿದೆ. ಪೂರ್ವದ ಸಭೆಗಳು ಹಳೆಯ ಸ್ಥಾನವನ್ನೇ ಉಳಿಸಿಕೊಂಡವು. ಪಶ್ಚಿಮದಲ್ಲಿ ಮಧ್ಯಯುಗದ ಕೊನೆಯ ಹೊತ್ತಿಗೆ ಜನರು ಪರಸ್ಪರ ಮುದ್ದಿಸುವ ಬದಲು, ಗುರುವು ಮುದ್ದಿಟ್ಟು ಕಳುಹಿಸಿದ ಸಣ್ಣ ಫಲಕವೊಂದನ್ನು ಒಬ್ಬರಾದ ಮೇಲೆ ಒಬ್ಬರು ಮುದ್ದಿಸತೊಡಗಿದರು. ಸಮಾಧಾನವು ಮನುಷ್ಯನಿಂದ ಮನುಷ್ಯನಿಗೆ ಹರಿಯುವುದನ್ನು ಬಿಟ್ಟು ಒಂದು ವಸ್ತುವಿನ ಮೇಲೆ ನೆಲೆಗೊಂಡಿತು.

೫. ಸುಧಾರಣೆ ಮತ್ತು ಸಾಮೂಹಿಕ ಅರಿಕೆ

ಮಾರ್ಟಿನ್ ಲೂಥರರು ೧೫೧೭ರಲ್ಲಿ ಮಂಡಿಸಿದ ತೊಂಬತ್ತೈದು ಪ್ರಮೇಯಗಳಲ್ಲಿ ಮೊದಲನೆಯದೇ ಪಶ್ಚಾತ್ತಾಪವನ್ನು ಕುರಿತದ್ದು. ಅದು ಒಮ್ಮೆ ನಡೆದು ಮುಗಿಯುವ ಸಂಸ್ಕಾರವಲ್ಲ, ಇಡೀ ಬಾಳಿನ ಸ್ಥಿತಿ ಎಂಬುದು ಅದರ ಸಾರಾಂಶ. ಲೂಥರರು ಏಕಾಂತ ಅರಿಕೆಯನ್ನು ರದ್ದುಪಡಿಸಲಿಲ್ಲ, ಕಡ್ಡಾಯವನ್ನಷ್ಟೇ ತೆಗೆದರು. ಇತರ ಸುಧಾರಕರ ಸಭೆಗಳಲ್ಲಿ ಗುರುವಿನ ಕಿವಿಯ ಸ್ಥಾನವನ್ನು ಸಾಮೂಹಿಕ ಅರಿಕೆ ಪಡೆಯಿತು. ಇಂಗ್ಲೆಂಡಿನ ೧೫೫೨ರ ಪ್ರಾರ್ಥನಾ ಗ್ರಂಥದಲ್ಲಿ ಪ್ರಾತಃಕಾಲದ ಆರಾಧನೆಯೇ ಎಲ್ಲರೂ ಕೂಡಿ ಹೇಳುವ ಅರಿಕೆಯಿಂದಲೂ ಕ್ಷಮಾಘೋಷಣೆಯಿಂದಲೂ ಆರಂಭವಾಗುತ್ತದೆ. ಕಥೋಲಿಕ ಪಕ್ಷವಾದರೋ ೧೫೫೧ರ ಟ್ರೆಂಟ್ ಮಹಾಪರಿಷತ್ತಿನ ಹದಿನಾಲ್ಕನೆಯ ಅಧಿವೇಶನದಲ್ಲಿ, ಗುರುವಿಗೆ ಪಾಪಗಳನ್ನು ಒಂದೊಂದಾಗಿ ನಿವೇದಿಸುವುದನ್ನು ಮತ್ತೆ ದೃಢಪಡಿಸಿತು.

ಸಾಮೂಹಿಕ ಅರಿಕೆಯಿಂದ ಗೂಡಿನ ಏಕಾಂತ ಹೋಯಿತು. ಆದರೆ ಬೇರೊಂದು ಬಗೆಯ ಏಕಾಂತ ಬಂದಿತು. ನೂರು ಜನ ಒಂದೇ ದನಿಯಲ್ಲಿ ಒಂದೇ ಮಾತನ್ನು ಹೇಳುವಾಗ ಯಾರೂ ಯಾರಿಗೂ ಏನನ್ನೂ ಹೇಳಿದಂತಾಗುವುದಿಲ್ಲ. ಎಲ್ಲರೂ ದೇವರ ಮುಂದೆ ಅಕ್ಕಪಕ್ಕದಲ್ಲಿ ನಿಂತಿದ್ದಾರೆಯೇ ಹೊರತು ಒಬ್ಬರ ಎದುರಿಗೆ ಒಬ್ಬರು ನಿಂತಿಲ್ಲ. ಶಾಂತಿಯ ವಿನಿಮಯವು ಈ ಸಭೆಗಳಲ್ಲಿ ಬಹುಮಟ್ಟಿಗೆ ಮರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಹಾಗೂ ಲಂಡನ್ ಮಿಶನ್ನುಗಳ ಮೂಲಕ ಕನ್ನಡ, ತಮಿಳು, ತೆಲುಗು ನಾಡುಗಳಿಗೆ ಬಂದ ಪ್ರಾಟೆಸ್ಟಂಟ್ ಆರಾಧನೆಯ ಸ್ವರೂಪ ಸ್ಥೂಲವಾಗಿ ಇದೇ ಆಗಿತ್ತು.

೬. ಕೇರಳದ ಪರಂಪರೆ

ಮಿಶನ್ನುಗಳು ಬರುವ ಬಹು ಹಿಂದಿನಿಂದಲೂ ಕೇರಳದಲ್ಲಿ ನೆಲೆಸಿದ್ದ ಸಿರಿಯನ್ ಕ್ರೈಸ್ತರ ಚರಿತ್ರೆ ಬೇರೆಯೇ ಆದುದು. ೧೫೯೯ರ ಜೂನಿನಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೆಯ್ಶೊ ದೆ ಮೆನೆಜಿಸ್ ಕೊಚ್ಚಿಯ ಸಮೀಪದ ಉದಯಂಪೇರೂರಿನಲ್ಲಿ ಅವರ ಪರಿಷತ್ತನ್ನು ಕೂಡಿಸಿ, ಅವರ ಆಚಾರಗಳನ್ನು ಲ್ಯಾಟಿನ್ ಪದ್ಧತಿಗೆ ಒಗ್ಗಿಸಲು ಯತ್ನಿಸಿದರು. ಆ ಪರಿಷತ್ತಿನ ಆರನೆಯ ಅಧಿವೇಶನದ ಒಂದು ಮುಖ್ಯ ವಿಷಯ ಪಾಪನಿವೇದನೆ; ಟ್ರೆಂಟ್ ರೂಪಿಸಿದ ನಿಯಮಗಳನ್ನು ಅಲ್ಲಿ ಸಿರಿಯನ್ನರ ಮೇಲೆ ವಿಧಿಸಲಾಯಿತು. ಅಸಮಾಧಾನ ಹೊಗೆಯಾಡುತ್ತಲೇ ಇದ್ದು, ೧೬೫೩ರಲ್ಲಿ ಮಟ್ಟಾಂಚೇರಿಯ ಕೂನನ್ ಶಿಲುಬೆಯ ಪ್ರತಿಜ್ಞೆಯಾಗಿ ಸಿಡಿಯಿತು. ಹೊರಬಂದ ಪಂಗಡವು ೧೬೬೫ರಿಂದ ಅಂತಿಯೋಕ್ಯದ ಸಭೆಯ ಸಂಪರ್ಕಕ್ಕೆ ಬಂದು, ಕ್ರಮೇಣ ಪಶ್ಚಿಮ ಸಿರಿಯಾದ ಆರಾಧನಾಕ್ರಮವನ್ನು ತನ್ನದಾಗಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸುಧಾರಣೆಗೊಂಡ ಮಾರ್ ತೋಮಾ ಸಭೆಯೂ ಆ ಕ್ರಮವನ್ನು ಪರಿಷ್ಕರಿಸಿಕೊಂಡು ಉಳಿಸಿತು.

ಈ ಕ್ರಮದಲ್ಲಿ ಶಾಂತಿಯ ವಿನಿಮಯ ಜೀವಂತವಾಗಿತ್ತು. ಮಲಯಾಳದಲ್ಲಿ ‘ಕೈಯಸೂರಿ’ ಎಂದು ಕರೆಯಲಾಗುವ ಇದರಲ್ಲಿ ಮುದ್ದಿನ ಸ್ಥಾನವನ್ನು ಕೈ ಪಡೆದಿದೆ. ವೇದಿಯಿಂದ ಹೊರಟ ಶಾಂತಿ ಕೈಯಿಂದ ಕೈಗೆ ಸಾಗಿ ಕೊನೆಯ ಸಾಲಿನವರೆಗೆ ತಲುಪುತ್ತದೆ. ಚರಿತ್ರೆಯ ಒಂದು ವಿಪರ್ಯಾಸ ಇಲ್ಲಿದೆ. ೧೫೯೯ರಲ್ಲಿ ಪಶ್ಚಿಮದ ಸಭೆ ಕೇರಳದವರಿಗೆ ಪಾಪನಿವೇದನೆಯ ಸರಿಯಾದ ವಿಧಾನವನ್ನು ಕಲಿಸಲು ಹೊರಟಿತ್ತು. ಮೂರೂವರೆ ಶತಮಾನಗಳ ಬಳಿಕ, ಪಶ್ಚಿಮದಿಂದಲೇ ಬಂದ ಇತರ ಸಭೆಗಳು ತಾವು ಕಳೆದುಕೊಂಡಿದ್ದ ಅಂಗವೊಂದನ್ನು ಕೇರಳದವರಿಂದ ಕಲಿಯಬೇಕಾಯಿತು.

೭. ಐಕ್ಯದ ಇಪ್ಪತ್ತೆಂಟು ವರ್ಷ

೧೯೧೯ರಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಕೆಲವು ಸಭಾನಾಯಕರು, ಮಿಶನ್ನುಗಳು ಯೂರೋಪಿನಿಂದ ತಂದ ಭಿನ್ನತೆಗಳನ್ನು ಭಾರತದ ಕ್ರೈಸ್ತರು ಹೊತ್ತುಕೊಂಡು ನಡೆಯಬೇಕಾದ ಅಗತ್ಯವಿಲ್ಲವೆಂಬ ನಿಲುವಿಗೆ ಬಂದರು. ಅವರಲ್ಲಿ ಪ್ರಮುಖರು ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ. ೧೯೧೦ರ ಎಡಿನ್‌ಬರೊ ಮಿಶನರಿ ಸಮ್ಮೇಳನದಲ್ಲಿ, ಬಿಳಿಯ ಮಿಶನರಿಗಳಿಂದ ಭಾರತೀಯರಿಗೆ ಬೇಕಾದುದು ಉಪಕಾರವಲ್ಲ, ಸ್ನೇಹ ಎಂದು ನಿರ್ಭಿಡೆಯಿಂದ ನುಡಿದವರು ಅವರೇ. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ೧೯೪೫ರಲ್ಲಿ ತೀರಿಕೊಂಡ ಅಜರಯ್ಯ ಅದರ ಫಲವನ್ನು ಕಾಣಲಿಲ್ಲ. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲಿನಲ್ಲಿ ಆಂಗ್ಲಿಕನ್ ಸಭೆಯ ನಾಲ್ಕು ಧರ್ಮಪ್ರಾಂತಗಳು, ದಕ್ಷಿಣದ ಮೆಥೊಡಿಸ್ಟ್ ಪ್ರಾಂತ ಹಾಗೂ ೧೯೦೮ರಲ್ಲಿ ರೂಪುಗೊಂಡಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ ಒಂದಾದವು. ಹಿಂದಿನ ಮೂರೂ ಸಭೆಗಳ ಬೋಧಕರನ್ನು ಪುನರ್ದೀಕ್ಷೆಯಿಲ್ಲದೆ ಒಪ್ಪಿಕೊಳ್ಳಲಾಯಿತು.

ರಾಜಿ ಎಲ್ಲರಿಗೂ ಸಲೀಸಾಗಿ ಒದಗಲಿಲ್ಲ. ನಂದ್ಯಾಲ ಪ್ರದೇಶದ ಆಂಗ್ಲಿಕನ್ನರಲ್ಲಿ ಬಹುಭಾಗ ಐಕ್ಯದಿಂದ ಹೊರಗುಳಿದು, ಒಂದೇ ಊರಿನಲ್ಲಿ ಎರಡು ಪಕ್ಷಗಳಾದವು. ಅವರು ಸಿ.ಎಸ್.ಐ. ಸೇರಿದ್ದು ೧೯೭೫ರಲ್ಲಿ, ಎಂದರೆ ಇನ್ನೊಂದು ಇಪ್ಪತ್ತೆಂಟು ವರ್ಷಗಳ ಮೇಲೆ. ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಪರಂಪರೆಯ ಸಭೆಗಳೂ ೧೯೪೭ರಲ್ಲಿ ಸೇರದೆ ಅನಂತರ ಸೇರಿದವು. ಕನ್ನಡ ನಾಡಿನ ಇಂದಿನ ಮೂರು ಧರ್ಮಪ್ರಾಂತಗಳ ವಿಂಗಡಣೆಯಾದದ್ದು ೧೯೭೦ರಲ್ಲಿ.

೮. ೧೯೫೦ರ ಆರಾಧನಾಕ್ರಮ

ಒಂದಾದ ಸಭೆಗೆ ಕೂಡಿ ಆರಾಧಿಸಲು ಒಂದು ಕ್ರಮ ಬೇಕಾಯಿತು. ತಿರುವನಂತಪುರದ ದೇವಜ್ಞಾನ ವಿದ್ಯಾಲಯದಲ್ಲಿ ಬೋಧಿಸುತ್ತಿದ್ದ, ಸಿರಿಯನ್ ಕ್ರೈಸ್ತರ ಚರಿತ್ರೆಯನ್ನು ಮುಂದೆ ಗ್ರಂಥರೂಪದಲ್ಲಿ (೧೯೫೬) ಬರೆದ ಲೆಸ್ಲಿ ಬ್ರೌನ್ ಅವರು ಸಂಚಾಲಕರಾಗಿದ್ದ ಸಮಿತಿಯೊಂದು ಇದನ್ನು ಸಿದ್ಧಪಡಿಸಿತು. ೧೯೫೦ರ ಜನವರಿಯಲ್ಲಿ ಮದರಾಸಿನಲ್ಲಿ ಕೂಡಿದ ಸಿನೊಡ್ಡಿನಲ್ಲಿ ಇದು ಮೊದಲು ಬಳಕೆಯಾಯಿತು. ೧೯೬೩ರಲ್ಲಿ ಪ್ರಕಟವಾದ ಸಾಮಾನ್ಯ ಆರಾಧನಾ ಗ್ರಂಥದಲ್ಲಿ ಸ್ಥಾನ ಪಡೆಯಿತು. ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳಲ್ಲಿ ಬಳಕೆಗೆ ಬಂದಿತು. ಇದಕ್ಕೆ ಪೂರ್ವಭಾವಿಯಾಗಿ, ಮುಂದೆ ಕ್ರಿಸ್ತ ಸೇವಾ ಸಂಘವನ್ನು ಸ್ಥಾಪಿಸಿದ ಜೆ. ಸಿ. ವಿನ್‌ಸ್ಲೊ ಮತ್ತು ಸಂಗಡಿಗರು ಪೂರ್ವದ ಕ್ರಮಗಳ ಆಧಾರದ ಮೇಲೆ ಭಾರತಕ್ಕೊಂದು ಆರಾಧನಾವಿಧಿಯನ್ನು ೧೯೨೦ರಲ್ಲಿಯೇ ಪ್ರಸ್ತಾಪಿಸಿದ್ದರೆಂಬುದನ್ನೂ ನೆನೆಯಬೇಕು.

ಈ ಕ್ರಮದ ರಚನೆಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲನೆಯದು ಸಿದ್ಧತೆಯ ಭಾಗ; ಇಲ್ಲಿ ಸಭೆ ಮೊಣಕಾಲೂರಿ ಕೂಡಿ ಅರಿಕೆ ಮಾಡಿ, ಸತ್ಯವೇದದ ಮಾತುಗಳ ಮೂಲಕ ಕ್ಷಮೆಯ ಭರವಸೆಯನ್ನು ಪಡೆಯುತ್ತದೆ. ಎರಡನೆಯದು ವಾಕ್ಯಸೇವೆ, ಹಳೆಯ ಒಡಂಬಡಿಕೆ, ಪತ್ರಿಕೆ, ಸುವಾರ್ತೆಗಳ ವಾಚನ, ಪ್ರಸಂಗ, ವಿಶ್ವಾಸಪ್ರಮಾಣ, ವಿಜ್ಞಾಪನೆಗಳು. ಮೂರನೆಯದು ರೊಟ್ಟಿ ಮುರಿಯುವ ಭಾಗ. ಇದರ ಹೊಸ್ತಿಲಲ್ಲಿಯೇ ಸಮಾ­ಧಾನದ ವಿನಿಮಯವಿದೆ. ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖಮಾಡಿ ನಿಲ್ಲುತ್ತಾರೆ. ತಮ್ಮೊಡನೆ ಸೇವೆಮಾಡುವವರಿಗೆ ಸಮಾಧಾನವನ್ನು ಕೊಡುತ್ತಾರೆ. ಅವರು ಅದನ್ನು ಸಭೆಯ ಸಾಲುಗಳಿಗೆ ಒಯ್ಯುತ್ತಾರೆ. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸುತ್ತಾನೆ. ಇಬ್ಬರೂ ತಮ್ಮ ಎಡಗೈಯಿಂದ ಎದುರಿನವನ ಬಲಗೈಯನ್ನು ಮುಚ್ಚುತ್ತಾರೆ. ಕಾಣಿಕೆಯೂ ರೊಟ್ಟಿ ದ್ರಾಕ್ಷಾರಸಗಳೂ ವೇದಿಗೆ ಬರುವುದು ಅನಂತರ.

ಅಂದರೆ ೪೧೬ರಲ್ಲಿ ರೋಮ್ ಬದಲಿಸಿದ ಸ್ಥಾನವನ್ನು ಬಿಟ್ಟು, ಜಸ್ಟಿನ್ನರ ಕಾಲದ ಹಾಗೂ ಪೂರ್ವದ ಸಭೆಗಳ ಸ್ಥಾನವನ್ನು ೧೯೫೦ರ ಕ್ರಮ ಆರಿಸಿಕೊಂಡಿತು. ಈ ಆಯ್ಕೆಯ ಅರ್ಥವೇನು? ಅರಿಕೆ ಆರಾಧನೆಯ ಆರಂಭದಲ್ಲಿದೆ, ಸಮಾಧಾನ ನಡುವಿನಲ್ಲಿದೆ. ಇವೆರಡರ ನಡುವೆ ವಾಚನ, ಪ್ರಸಂಗ, ಪ್ರಾರ್ಥನೆಗಳ ದೀರ್ಘ ಅವಕಾಶವಿದೆ. ದೇವರ ಮುಂದೆ ಹೇಳಿದ ಮಾತು ಈ ಅವಕಾಶದುದ್ದಕ್ಕೂ ನೆರೆಯವನ ಕೈಗಾಗಿ ಕಾಯುತ್ತದೆ. ದೇವರ ಕ್ಷಮೆಯನ್ನು ಪಡೆದವನು ನೆರೆಯವನನ್ನು ದಾಟಿಕೊಂಡು ರೊಟ್ಟಿಯ ಬಳಿಗೆ ಹೋಗಲಾರ. ಬೇರ್ಪಟ್ಟಿದ್ದ ಮೂರು ಅಂಗಗಳನ್ನು ಈ ಕ್ರಮವು ಒಂದೇ ದಾರಿಯ ಮೇಲೆ ಕ್ರಮವಾಗಿ ಇರಿಸಿದೆಯೆಂಬ ನಮ್ಮ ಪ್ರತಿಪಾದನೆಗೆ ಇದೇ ಆಧಾರ.

ಈ ಕ್ರಮದ ಪ್ರಭಾವ ದಕ್ಷಿಣ ಭಾರತಕ್ಕೆ ಸೀಮಿತವಾಗಲಿಲ್ಲ. ಸಮಾಧಾನದ ವಿನಿಮಯವು ಮುಂದಿನ ದಶಕಗಳಲ್ಲಿ ಅನೇಕ ದೇಶಗಳ ಪರಿಷ್ಕೃತ ಕ್ರಮಗಳಲ್ಲಿ ಮರಳಿ ಬಂದಿತು, ಅದಕ್ಕೆ ಸಿ.ಎಸ್.ಐ. ಕ್ರಮವು ಒಂದು ಮುಖ್ಯ ಪ್ರೇರಣೆಯೆಂದು ಆರಾಧನೆಯ ಚರಿತ್ರಕಾರರು ಗುರುತಿಸಿದ್ದಾರೆ. ಕಥೋಲಿಕ ಸಭೆಯಲ್ಲಿಯೂ, ಎರಡನೆಯ ವ್ಯಾಟಿಕನ್ ಮಹಾಪರಿಷತ್ತಿನ ೧೯೬೩ರ ನಿರ್ದೇಶನದಂತೆ, ೧೯೭೩ರಲ್ಲಿ ಪಾಪನಿವೇದನೆಯ ಸಂಸ್ಕಾರವಿಧಿ ಪರಿಷ್ಕೃತವಾಯಿತು. ಏಕಾಂತ ವಿಧಿಯ ಜೊತೆಗೆ ಸಮುದಾಯದ ನಡುವೆ ನಡೆಯುವ ವಿಧಿಗಳೂ ಅದರಲ್ಲಿ ಸೇರಿದವು.

೯. ಸ್ಪರ್ಶದ ಪ್ರಶ್ನೆ

ಕೈಗೆ ಕೈ ತಾಗಿಸುವ ಆಚರಣೆ ಭಾರತದ ಸಮಾಜದಲ್ಲಿ ಸರಳ ಸಂಗತಿಯಲ್ಲ. ದಕ್ಷಿಣದ ಸಭೆಗಳೊಳಗೆ ಜಾತಿಭೇದ ಬಹುಕಾಲದ ವ್ಯಾಧಿ. ತಂಜಾವೂರು, ವೇಪೇರಿಗಳ ಸಭೆಗಳಲ್ಲಿ ಜಾತಿಗೆ ಅನುಗುಣವಾಗಿ ಬೇರೆ ಬೇರೆ ಕುಳಿತುಕೊಳ್ಳುವ, ಕರ್ತನ ಭೋಜನಕ್ಕೂ ಬೇರೆಯಾಗಿ ಬರುವ ರೂಢಿಯಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ೧೮೩೩ರ ಸುತ್ತೋಲೆಯಲ್ಲಿ ಈ ಭೇದವನ್ನು ಪೂರ್ಣವಾಗಿ ತ್ಯಜಿಸಬೇಕೆಂದು ವಿಧಿಸಿದಾಗ, ತಂಜಾವೂರಿನಲ್ಲಿ ಅನೇಕರು ಸಭೆಯನ್ನೇ ತೊರೆದರು. ೧೮೫೦ರಲ್ಲಿ ಮದರಾಸಿನ ಮಿಶನರಿಗಳು ಸಹಭೋಜನವನ್ನು ಜಾತಿತ್ಯಾಗದ ಒರೆಗಲ್ಲಾಗಿ ಮಾಡಲು ನಿರ್ಧರಿಸಿದರು.

ಈ ಹಿನ್ನೆಲೆಯಲ್ಲಿ, ಕಥೋಲಿಕ ಸಭೆಯು ೧೯೬೯ರ ಏಪ್ರಿಲ್ ೨೫ರಂದು ಭಾರತಕ್ಕಾಗಿ ಅನುಮೋದಿಸಿದ ಹನ್ನೆರಡು ಅಂಶಗಳ ಆರಾಧನಾ ಹೊಂದಾಣಿಕೆ ವಿಚಾರಾರ್ಹವಾದುದು. ಬೆಂಗಳೂರಿನ ಕಥೋಲಿಕ ರಾಷ್ಟ್ರೀಯ ಕೇಂದ್ರದ ನಿರ್ದೇಶಕರಾಗಿದ್ದ ಡಿ. ಎಸ್. ಅಮಲೋರ್‌ಪವದಾಸ್ ಇದರ ಪ್ರಮುಖ ರೂವಾರಿ. ಅದರಂತೆ ಶಾಂತಿಯನ್ನು ಅಂಜಲಿ ಬದ್ಧರಾಗಿ ವಿನಿಮಯ ಮಾಡಿಕೊಳ್ಳಬಹುದು. ಕೊಡುವವನ ಕೈಗಳನ್ನು ಪಡೆಯುವವನ ಕೈಗಳ ನಡುವೆ ಇರಿಸಿಯೂ ಮಾಡಬಹುದು. ಮೊದಲನೆಯದು ನಮ್ಮ ಸಂಸ್ಕೃತಿಗೆ ಒಗ್ಗಿದ, ಘನತೆಯ ಮುದ್ರೆ. ಆದರೆ ಕೈಮುಗಿಯುವುದು ಮುಟ್ಟದೆಯೂ ಸಲ್ಲುವ ಗೌರವ. ದೂರ ನಿಂತು ಕೈಮುಗಿದ ಮಾತ್ರಕ್ಕೆ ಶತಮಾನಗಳ ದೂರ ಕಡಿಮೆಯಾಗಬೇಕಾಗಿಲ್ಲ. ಸಿ.ಎಸ್.ಐ. ಕ್ರಮದ ಮುದ್ರೆಯಲ್ಲಿ ಈ ತೆರಪು ಇಲ್ಲ. ಮುಟ್ಟದೆ ಆ ಸಮಾಧಾನವನ್ನು ಕೊಡಲೂ ಬರುವುದಿಲ್ಲ, ಪಡೆಯಲೂ ಬರುವುದಿಲ್ಲ. ಇಬ್ಬರ ಅಂಗೈಗಳು ಕೂಡಿ ಆಗುವ ಆ ಮುದ್ರೆ, ಇಬ್ಬರಿಲ್ಲದೆ ಪೂರ್ಣವಾಗದ ಅಂಜಲಿಯಂತೆ ನಮಗೆ ತೋರುತ್ತದೆ.

ಹಾಗೆಂದು ಅದರ ಮಿತಿಗಳನ್ನು ಮರೆಯಲಾಗದು. ಸಮಾಧಾನದ ವಿನಿಮಯವನ್ನು ೧೯೫೦ರ ಕ್ರಮ ಕಡ್ಡಾಯ ಮಾಡಲಿಲ್ಲ, ಐಚ್ಛಿಕವಾಗಿ ಇರಿಸಿತು. ಕೈ ಸಾಗುವುದು ಪಕ್ಕದಲ್ಲಿ ಕುಳಿತವರಿಗೆ. ಜನ ಕುಳಿತುಕೊಳ್ಳುವುದು ಸಾಮಾನ್ಯವಾಗಿ ತಮ್ಮ ಬಂಧುಗಳ, ಬಳಗದವರ ಪಕ್ಕದಲ್ಲಿ. ಸ್ತ್ರೀಪುರುಷರು ಬೇರೆ ಬೇರೆ ಕುಳಿತುಕೊಳ್ಳುವ ಕಡೆಗಳಲ್ಲಿ ಸಮಾಧಾನವೂ ಎರಡು ಹೊಳೆಗಳಾಗಿ ಹರಿಯುತ್ತದೆ. ಇದಕ್ಕಿಂತ ಆಳವಾದ ಪ್ರಶ್ನೆಯೊಂದು ೧೯೮೦ರ ದಶಕದಿಂದ ಮುಂದೆ ಬಂದಿದೆ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ೧೯೮೧ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ನೀಡಿದ ಉಪನ್ಯಾಸದಿಂದ ಚಾಲನೆ ಪಡೆದ ದಲಿತ ದೇವಜ್ಞಾನವು, ನೊಂದವರ ಅನುಭವದಿಂದಲೇ ದೇವರನ್ನು ಕುರಿತ ಚಿಂತನೆ ಹೊರಡಬೇಕೆಂದು ವಾದಿಸಿತು. ಆ ನಿಲುವಿನಿಂದ ನೋಡಿದರೆ, ಸಾಮೂಹಿಕ ಅರಿಕೆಯಲ್ಲಿ ತುಳಿದವನೂ ತುಳಿತಕ್ಕೊಳಗಾದವನೂ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಹೇಳಬೇಕಾಗಿ ಬರುವುದು ನ್ಯಾಯವೇ ಎಂದು ಕೇಳಬೇಕಾಗುತ್ತದೆ.

೧೦. ಉಪಸಂಹಾರ

ನಾವು ಆರಂಭದಲ್ಲಿ ಪ್ರಸ್ತಾಪಿಸಿದ ‘ಸಮಾಧಾನ’ ಪದದ ಇಬ್ಬಂದಿ ಇಲ್ಲಿ ಮತ್ತೆ ಎದುರಾಗುತ್ತದೆ. ನೊಂದವನನ್ನು ಸುಮ್ಮನಿರಿಸುವುದೂ ಸಮಾಧಾನವೇ, ಮುರಿದದ್ದನ್ನು ಕೂಡಿಸುವುದೂ ಸಮಾಧಾನವೇ. ಆರಾಧನೆಯ ಮುದ್ರೆಯೊಂದು ಇವೆರಡರಲ್ಲಿ ಯಾವುದನ್ನಾದರೂ ಸಾಧಿಸಬಲ್ಲದು. ಮತ್ತಾಯನ ಸುವಾರ್ತೆಯ ವಿಧಿಯಲ್ಲಿ ಇದನ್ನು ಬೇರ್ಪಡಿಸುವ ಸುಳುಹು ಇದೆ: ಎದ್ದು ಹೊರಡಬೇಕಾದವನು ದೂರಿಗೆ ಕಾರಣನಾದವನು. ಕೈ ಚಾಚುವ ಹೊಣೆ ಅವನದು. ಹಿಡಿಯುವ ಅಥವಾ ಹಿಡಿಯದಿರುವ ಸ್ವಾತಂತ್ರ್ಯ ನೊಂದವನದು. ಈ ವಿವೇಕವನ್ನು ಬಿಟ್ಟು ಕೈಯನ್ನಷ್ಟೇ ಉಳಿಸಿಕೊಂಡರೆ, ಮಧ್ಯಯುಗದವರು ಮುದ್ದಿಸಿದ ಫಲಕಕ್ಕೂ ನಮ್ಮ ಅಂಗೈಗೂ ಹೆಚ್ಚಿನ ಅಂತರ ಉಳಿಯಲಾರದು.

ಆದರೂ ೧೯೫೦ರ ಕ್ರಮ ಒಂದು ಮುಖ್ಯವಾದ ಕೆಲಸವನ್ನು ಮಾಡಿತು. ಸುಮಾರು ಒಂದೂವರೆ ಸಾವಿರ ವರ್ಷ ಪಶ್ಚಿಮದ ಆರಾಧನೆಯಲ್ಲಿ ಕ್ಷಮೆಯ ಕ್ರಿಯೆಯಿಂದ ದೂರ ಸರಿದಿದ್ದ ನೆರೆಯವನನ್ನು ಮತ್ತೆ ಆ ಕ್ರಿಯೆಯ ನಡುವಿಗೆ ಕರೆತಂದಿತು. ಅವನ ಹೆಸರೇನು, ಅವನ ದೂರೇನು ಎಂಬುದನ್ನು ಕೇಳುವ ಕೆಲಸ ಆರಾಧನಾ ಗ್ರಂಥದ್ದಲ್ಲ, ಆರಾಧಿಸುವವರದ್ದು.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಕಾರ್ಯಕ್ಷೇತ್ರವಿದೆ. ಇಂಗ್ಲಿಷ್ ಕ್ರಮ ಕನ್ನಡಕ್ಕೆ ಬಂದಾಗ ಅರಿಕೆ, ಕ್ಷಮೆ, ಸಮಾಧಾನಗಳ ನುಡಿಗಟ್ಟು ಆವೃತ್ತಿಯಿಂದ ಆವೃತ್ತಿಗೆ ಹೇಗೆ ಬದಲಾಯಿತು. ತಮಿಳು, ತೆಲುಗು, ಮರಾಠಿ ಭಾಷಿಕರೊಡನೆ ಬೆರೆತು ಬಾಳುವ ಕನ್ನಡ ಕ್ರೈಸ್ತ ಕುಟುಂಬಗಳು ಯಾವ ಭಾಷೆಯಲ್ಲಿ ಅರಿಕೆ ಮಾಡುತ್ತವೆ. ಯಾರ ಕೈ ಯಾರಿಗೆ ತಲುಪುತ್ತದೆ ಎಂಬ ಪ್ರಶ್ನೆಗಳಿಗೆ ಗ್ರಂಥಾಲಯದಲ್ಲಿಯೂ ಕ್ಷೇತ್ರಕಾರ್ಯದಲ್ಲಿಯೂ ಉತ್ತರ ಹುಡುಕಬೇಕಾಗಿದೆ. ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜುಗಳ ಸಂಗ್ರಹಗಳು ಆರಂಭಕ್ಕೆ ನೆರವಾಗಬಲ್ಲವು. ಆದರೆ ಆವೃತ್ತಿಗಳನ್ನು ಹೋಲಿಸುವಷ್ಟೇ ಎಚ್ಚರದಿಂದ, ಭಾನುವಾರದ ಆರಾಧನೆಯಲ್ಲಿ ಸಮಾಧಾನದ ಹೊತ್ತು ಬಂದಾಗ ಸಾಲುಗಳಲ್ಲಿ ಏನು ನಡೆಯುತ್ತದೆಂಬುದನ್ನೂ ಗಮನಿಸಬೇಕು; ಅಲ್ಲಿ ಚಾಚಿದ ಕೈಯೂ ಹಿಂಜರಿದ ಕೈಯೂ ಚರಿತ್ರೆಯ ಆಕರಗಳೇ.